ಹಳೆಯ ಮೋಟಾರು ದೋಣಿಗೆ ಹೊಸ ಆಸನ: ಅಂದಕ್ಕಿಂತ ಭಾರದ ಲೆಕ್ಕ ಮುಖ್ಯ

ಬೆಂಗಳೂರು: ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಮಾರ್ಪಟ್ಟಿರುವ ನಗರದಲ್ಲಿ ದೋಣಿ ದುರಸ್ತಿಯ ಮಾತು ವಿಚಿತ್ರವೆನಿಸಬಹುದು. ಆದರೆ ಹಿನ್ನೀರಿನಲ್ಲೋ ಕರಾವಳಿಯಲ್ಲೋ ಓಡುವ ಹಳೆಯ ಫೈಬರ್ ದೋಣಿಯ ಆಸನ ಬದಲಿಸಲು ಬೇಕಾದ ಫೋಮ್, ರೆಕ್ಸಿನ್, ವೈರ್‌ಗಳು ಚಾಮರಾಜಪೇಟೆಗೆ ಸಮೀಪದ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಗಳಲ್ಲಿಯೇ ದೊರೆಯುತ್ತವೆ. ಕಾರಿನ ಆಸನ ಹೊಲಿಯುವ ನುರಿತ ಕೈಗಳೂ ಅಲ್ಲಿವೆ. ತೊಡಕು ಇರುವುದೂ ಇಲ್ಲಿಯೇ. ಕಾರಿನ ಆಸನವನ್ನು ತುಸು ಎತ್ತರಿಸಿದರೆ ಹೆಚ್ಚೇನೂ ಆಗದು. ದೋಣಿಯ ವಿಷಯ ಹಾಗಲ್ಲ.

ತಲಾ 65 ಕಿಲೋ ತೂಕದ ನಾಲ್ವರು ಕುಳಿತಿರುವ ಆಸನಗಳನ್ನು 20 ಸೆಂಟಿಮೀಟರ್ ಎತ್ತರಿಸಲಾಯಿತು ಎಂದುಕೊಳ್ಳೋಣ. ಜನರೂ ಸೇರಿ ದೋಣಿಯ ಒಟ್ಟು ತೂಕ 800 ಕಿಲೋ ಇದ್ದರೆ, ಅದರ ಗುರುತ್ವ ಕೇಂದ್ರ ಆರೂವರೆ ಸೆಂಟಿಮೀಟರ್ ಮೇಲೇರುತ್ತದೆ. ಸಣ್ಣ ದೋಣಿಗೆ ಇದು ಅಲ್ಪವಲ್ಲ. ಒಬ್ಬರು ಎದ್ದು ಬದಿಗೆ ಸರಿದರೂ ವಾಲುವಿಕೆ ಮೊದಲಿಗಿಂತ ಹೆಚ್ಚುತ್ತದೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡಂತಸ್ತಿನ ದೋಣಿ ಮಗುಚಿ 45 ಮಂದಿ ಮೃತಪಟ್ಟರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜೀವಗಳನ್ನು ಬಲಿ ಪಡೆದದ್ದು, ಮೀನುಗಾರಿಕೆ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ ಮಿತಿಮೀರಿ ಜನರನ್ನು ತುಂಬಿದ್ದ ಪ್ರಕರಣ.

ಚುಕ್ಕಾಣಿ, ಥ್ರಾಟಲ್, ಮೀಟರ್‌ಗಳಿರುವ ಕನ್ಸೋಲನ್ನು ಹಿಂದಕ್ಕೆ ಸರಿಸಿದರೆ ಮುಂಭಾಗದಲ್ಲಿ ಜಾಗ ದೊರೆಯುತ್ತದೆ, ನಿಜ. ಆದರೆ ಅದರೊಂದಿಗೆ ಚಾಲಕ ಹಾಗೂ ಬ್ಯಾಟರಿಯ ತೂಕವೂ ಎಂಜಿನ್ ಇರುವ ತುದಿಗೇ ಸೇರುತ್ತದೆ. ಮೂತಿ ಮೇಲೆದ್ದು ಚಾಲಕನಿಗೆ ಮುಂದಿನ ನೀರೇ ಕಾಣದಂತಾಗುತ್ತದೆ. ಹಠಾತ್ತನೆ ವೇಗ ತಗ್ಗಿಸಿದಾಗ ಹಿಂದಿನಿಂದ ಅಲೆ ಒಳನುಗ್ಗುವ ಸಂಭವವೂ ಉಂಟು. ಹಳೆಯ ಕೇಬಲ್‌ಗಳನ್ನೇ ಬಗ್ಗಿಸಿ ಹೊಂದಿಸುವುದು ಸಲ್ಲದು. ತಿರುವು ಬಿಗಿಯಾದಷ್ಟೂ ಥ್ರಾಟಲ್ ಸಿಕ್ಕಿಕೊಳ್ಳುತ್ತದೆ. ಹೊಸ ಅಳತೆಯ ಕೇಬಲ್ ಕೊಳ್ಳುವುದೇ ಲೇಸು.

ಹಲವರು ಗಮನಿಸದ ಅಂಶವೊಂದಿದೆ. ಅನೇಕ ಹಳೆಯ ದೋಣಿಗಳಲ್ಲಿ ಆಸನದ ಕೆಳಗಿನ ಪೆಟ್ಟಿಗೆಯೊಳಗೆ ಫೋಮ್ ತುಂಬಿರುತ್ತದೆ. ಸಾಮಾನು ಇಡಲೆಂದು ಅದನ್ನು ಕಿತ್ತು ಹಾಕುವವರಿದ್ದಾರೆ. ನೀರು ತುಂಬಿದಾಗಲೂ ದೋಣಿಯನ್ನು ತೇಲಿಸಿಡುವುದು ಆ ಫೋಮ್! ನೀರು ಕುಡಿದು ಭಾರವಾಗಿದ್ದರೆ ತೆಗೆಯಲೇಬೇಕು; ಆದರೆ ಅಷ್ಟೇ ಪ್ರಮಾಣದ, ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಅಲ್ಲಿ ಮರಳಿ ಸೇರಬೇಕು. ಸೋಫಾದ ಸ್ಪಂಜು ಇದಕ್ಕೆ ಒದಗದು.

ಆಸನದ ಹಲಗೆಗೆ ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ ಸೂಕ್ತ. ಬರಿಯ ಸ್ಕ್ರೂ ಸಾಲದು. ಸ್ಟೇನ್‌ಲೆಸ್ ಬೋಲ್ಟನ್ನು ಆರಪಾರ ತೂರಿಸಿ, ಕೆಳಗೆ ಅಗಲವಾದ ಪಟ್ಟಿ ಕೊಟ್ಟು ಬಿಗಿಯಬೇಕು.

ಬಾಡಿಗೆಗೆ ಅಥವಾ ಪ್ರವಾಸಿಗರಿಗಾಗಿ ಓಡಿಸುವವರು ಕಾನೂನನ್ನೂ ಅರಿತಿರಬೇಕು. 1917ರ ಕಾಯ್ದೆಯ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯಡಿ, ದೋಣಿಯ ಬಲ, ಸ್ಥಿರತೆ ಅಥವಾ ಸುರಕ್ಷತೆಗೆ ಸಂಬಂಧಿಸಿದ ಮಾರ್ಪಾಡಿಗೆ ಪೂರ್ವಾನುಮತಿ ಅಗತ್ಯ.

ಕೆಲಸ ಮುಗಿದ ಬಳಿಕ ಮೊದಲ ಸವಾರಿಗೆ ಮನೆಮಂದಿಯನ್ನು ಹತ್ತಿಸುವ ಆತುರ ಬೇಡ. ಆಳವಿಲ್ಲದ ನೀರಿನಲ್ಲಿ ದೋಣಿಯನ್ನು ದಡಕ್ಕೆ ಕಟ್ಟಿ, ಜನರಷ್ಟೇ ತೂಕದ ಮರಳು ಚೀಲಗಳನ್ನು ಒಂದೇ ಬದಿಯ ಆಸನಗಳ ಮೇಲೆ ಒಂದೊಂದಾಗಿ ಇರಿಸಿ ನೋಡಬೇಕು. ಅಂಚು ನೀರಿಗೆ ಹತ್ತಿರವಾಗತೊಡಗಿದರೆ ಆಸನವನ್ನು ಮತ್ತೆ ಕೆಳಗಿಳಿಸುವುದೇ ಸರಿ.