ಎಣಿಕೆಗೆ ಸಿಕ್ಕದ ದಣಿವು

ಸಂಧಿವಾತದಿಂದ ನರಳುವವಳ ಕೈಯನ್ನು ತನ್ನ ಕೈಯಲ್ಲಿರಿಸಿಕೊಂಡು, ಬೆರಳಿನ ಒಂದೊಂದು ಗೆಣ್ಣನ್ನೂ ತನ್ನ ಉಗುರು ಬೆಳ್ಳಗಾಗುವಷ್ಟು ಅದುಮಿ, ನೋವುಂಟೇ ಎಂದು ವಿಚಾರಿಸುತ್ತ, ಬಾವು ಇದೆಯೇ ಎಂದು ನೋಡುತ್ತ, ಮಣಿಕಟ್ಟು, ಮೊಣಕೈ, ಭುಜ, ಮೊಣಕಾಲುಗಳವರೆಗೆ ಒಟ್ಟು 28 ಕೀಲುಗಳ ಲೆಕ್ಕವನ್ನು ಬರೆದುಕೊಳ್ಳುವ ವೈದ್ಯನ ಶ್ರದ್ಧೆಯನ್ನು ಯಾರೂ ಹಗುರವಾಗಿ ಕಾಣಲಾರರು. ಔಷಧವು ಫಲಿಸಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಅಳತೆಯು ಎಲ್ಲ ದೇಶಗಳ ಪ್ರಯೋಗಗಳಲ್ಲಿಯೂ ಒಂದೇ ಆಗಿರಬೇಕೆಂಬ ಸದುದ್ದೇಶದಿಂದಲೇ 1992ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಲ್ಲಿ ತಜ್ಞರು ಕಲೆತು, ಒಮೆರ್ಯಾಕ್ಟ್ ಎಂಬ ವಿದ್ವತ್ಕೂಟವನ್ನು ಆರಂಭಿಸಿದರು. ಆದರೆ ಹತ್ತು ವರ್ಷಗಳ ಕಾಲ ಆ ಕೂಟದಲ್ಲಿ, ಯಾರ ಕೀಲುಗಳನ್ನು ಎಣಿಸುತ್ತಿದ್ದರೋ ಅವರಿಗೆ ಆಸನವಿರಲಿಲ್ಲ.

ರೋಗಿಯ ಮಾತಿಗೂ ಶಾಸ್ತ್ರದಲ್ಲಿ ಸ್ಥಾನವುಂಟೆಂಬ ವಾದವು ಅಷ್ಟರಲ್ಲಿ ಬೇರೆಡೆ ಹುಟ್ಟಿತ್ತು. 1983ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಏಡ್ಸ್ ಪೀಡಿತರು, ತಮ್ಮನ್ನು ‘ಬಲಿಪಶು’ಗಳೆಂದು ಕರೆಯಕೂಡದೆಂದೂ ತಮ್ಮ ವಿಷಯದ ನಿರ್ಣಯಗಳಲ್ಲಿ ತಮಗೆ ಭಾಗವಿರಬೇಕೆಂದೂ ಸಾರಿದ್ದರು. 1996ರಲ್ಲಿ ಬ್ರಿಟನ್, ಸಂಶೋಧನೆಯಲ್ಲಿ ರೋಗಿಗಳನ್ನೂ ತೊಡಗಿಸುವ ಕಾರ್ಯಕ್ಕಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು.

ಒಮೆರ್ಯಾಕ್ಟಿನ ಬಾಗಿಲು ತೆರೆದುದು 2002ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನೆರೆದ ಆರನೆಯ ಸಭೆಯಲ್ಲಿ. ಆಹ್ವಾನಿತರಾಗಿ ಬಂದ 11 ಮಂದಿ ರೋಗಿಗಳು, ನೋವು ಬಾವುಗಳ ಮಾತು ಮುಗಿದ ಮೇಲೆ, ತಜ್ಞರ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಒಂದನ್ನು ಎತ್ತಿದರು: ದಣಿವು. ನಮ್ಮಲ್ಲಿ ಗೇಯ್ದು ಬಂದವನ ದಣಿವು ಉಂಡು ಮಲಗಿದರೆ ಇಳಿಯುತ್ತದೆ. ಇದು ಆ ಜಾತಿಯದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಸಂಶೋಧಕಿ ಸಾರಾ ಹ್ಯೂಲೆಟ್ ಮತ್ತು ಸಂಗಡಿಗರು ರೋಗಿಗಳನ್ನು ಸಾವಧಾನವಾಗಿ ಮಾತನಾಡಿಸಿದಾಗ, ದುಡಿಯದೆಯೂ ಬರುವ, ಸೂಚನೆಯಿಲ್ಲದೆ ಮೇಲೆ ಬೀಳುವ, ನಿದ್ರೆಗೂ ಬಗ್ಗದ ಆಯಾಸವೊಂದರ ಚಿತ್ರ ಮೂಡಿತು. ಅವರಲ್ಲಿ ಅನೇಕರು ಅದನ್ನು ವೈದ್ಯರೆದುರು ಆಡಿಯೇ ಇರಲಿಲ್ಲ. ಆಡಿ ಫಲವಿಲ್ಲವೆಂದು ಸುಮ್ಮನಿದ್ದರು. ಆ ಮೌನವನ್ನು ನೆನೆದರೆ ನನಗೆ ಕೀಲುನೋವಿಗಿಂತ ಅದೇ ದುಸ್ಸಹವೆನಿಸುತ್ತದೆ. ಅದುಮಿ ನೋಡಿದರೆ ಸಿಕ್ಕದುದು ಕೇಳಿದ್ದರೆ ಸಿಕ್ಕುತ್ತಿತ್ತು.

ತಜ್ಞರು ಈ ಮಾತನ್ನು ತಳ್ಳಿಹಾಕಲಿಲ್ಲವೆಂಬುದು ಅವರ ಹಿರಿಮೆ. 2006ರಲ್ಲಿ ಮಾಲ್ಟಾದಲ್ಲಿ ಸೇರಿದ ಸಭೆಯು, ಸಂಧಿವಾತದ ಔಷಧಪ್ರಯೋಗಗಳಲ್ಲಿ ಸಾಧ್ಯವಾದೆಡೆಯೆಲ್ಲ ದಣಿವನ್ನೂ ಅಳೆಯಬೇಕೆಂದು ಒಪ್ಪಿತು. ಅದನ್ನಳೆಯುವ ಪ್ರಶ್ನಾವಳಿಯೊಂದು, ರೋಗಿಗಳು ಆಡಿದ ನುಡಿಗಳನ್ನೇ ಆಧರಿಸಿ, ಬ್ರಿಸ್ಟಲ್ಲಿನಲ್ಲಿಯೇ ಸಿದ್ಧವಾಯಿತು.

2011ರಲ್ಲಿ ಯೂರೋಪಿನ ಸಂಧಿರೋಗತಜ್ಞರ ಒಕ್ಕೂಟವು ರೋಗಿಯನ್ನು ಸಂಶೋಧನೆಯ ಸಹಭಾಗಿಯೆಂದು ಕರೆದು, ಅವನ ಪಾಲ್ಗೊಳ್ಳುವಿಕೆಯ ಕ್ರಮವನ್ನು ವಿಧಿಸಿತು. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದುದು ಒಂದು ಸಣ್ಣ ನಿಯಮ: ಪ್ರತಿಯೊಂದು ಯೋಜನೆಯಲ್ಲಿಯೂ ಇಂಥವರು ಕನಿಷ್ಠ ಇಬ್ಬರಿರಬೇಕು. ಪದವೀಧರರ ನಡುವೆ ಕುಳಿತ ಒಬ್ಬಂಟಿಯು ನಾಲಗೆಯ ತುದಿಗೆ ಬಂದುದನ್ನು ನುಂಗಿಕೊಂಡಾನು. ಪಕ್ಕದ ಕುರ್ಚಿಯಲ್ಲಿ ಅದೇ ದಣಿವನ್ನು ಬಲ್ಲ ಇನ್ನೊಬ್ಬನಿದ್ದರೆ, ಅವನತ್ತ ಒಮ್ಮೆ ನೋಡಿ, ಗಂಟಲು ಸರಿಪಡಿಸಿಕೊಂಡು ಮಾತನಾಡಿಯಾನು.