ಗುಳ್ಳೆ ಹೋದ ಮೇಲೆ ಶಾಂಪೇನ್ ಯಾಕೆ?

ಫ್ರಾನ್ಸ್‌ನಲ್ಲಿ ಸಮುದ್ರದ ಸಿಂಪಿಗೆ ಶಾಂಪೇನ್ ಸಾಸ್ ಹಾಕುತ್ತಾರಂತೆ. ಕುದಿಸಿದರೆ ಗುಳ್ಳೆಗಳು ಉಳಿಯುತ್ತವೆಯೇ?

ಉಳಿಯುವುದಿಲ್ಲ. ದ್ರವ ಬಿಸಿಯಾದಂತೆ ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಡುಗೆಯವರಿಗೆ ಬೇಕಾದದ್ದು ಶಾಂಪೇನಿನ ಹುಳಿ. ಶಾಂಪೇನ್ ಪ್ರಾಂತ್ಯದ ತಂಪು ಹವೆಯಲ್ಲಿ ಮಾಗುವ ದ್ರಾಕ್ಷಿಯಲ್ಲಿ ಹುಳಿ ಹೆಚ್ಚು. ಸಣ್ಣ ಈರುಳ್ಳಿಯೊಂದಿಗೆ ಕುದಿಸಿ ಬತ್ತಿಸಿದಾಗ ನೀರು, ಆಲ್ಕೋಹಾಲ್ ಆವಿಯಾಗಿ, ಆವಿಯಾಗದ ಹುಳಿ ಗಟ್ಟಿಯಾಗುತ್ತದೆ. ಉರಿ ತಗ್ಗಿಸಿ ತಣ್ಣನೆಯ ಬೆಣ್ಣೆಯನ್ನು ಚೂರುಚೂರಾಗಿ ಹಾಕುತ್ತ ಕಡೆಯುತ್ತಾರೆ. ಬೆಣ್ಣೆಯಲ್ಲಿರುವ ಹಾಲಿನ ಪ್ರೋಟೀನು ಜಿಡ್ಡಿನ ಹನಿಗಳನ್ನು ಸುತ್ತುವರಿದು ಸಾಸ್ ಒಡೆಯದಂತೆ ಹಿಡಿದಿಡುತ್ತದೆ. ಕರಿದ ಬಂಗುಡೆಗೆ ನಿಂಬೆ ಹಿಂಡಿದಂತೆ, ಈ ಹುಳಿ ಬೆಣ್ಣೆಯ ಜಿಡ್ಡನ್ನೂ ಸಿಂಪಿಯ ಉಪ್ಪನ್ನೂ ಹದಕ್ಕೆ ತರುತ್ತದೆ. ಸಿಹಿ ವೈನ್ ಮಾತ್ರ ಬೇಡವೇ ಬೇಡ, ಬತ್ತಿದಾಗ ಸಕ್ಕರೆಯೂ ಗಟ್ಟಿಯಾಗಿ ಸಿಂಪಿಯ ರುಚಿಯನ್ನೇ ಮುಚ್ಚಿಬಿಡುತ್ತದೆ. ಸಿಂಪಿಯನ್ನು ಅಂಚು ಸುರುಟುವಷ್ಟೇ ಬೇಯಿಸಬೇಕು; ಹೆಚ್ಚು ಬೆಂದರೆ ಮಾಂಸ ಬಿಗಿದು ರಸವೆಲ್ಲ ಸೋರಿಹೋಗುತ್ತದೆ.