ನೆರೆಮನೆಯಲ್ಲಿ ಉಳಿದ ಅರಸ

ಫಿನ್ಲೆಂಡಿನ ಮಕ್ಕಳು ಕಥೆಯಲ್ಲಿ ಬರುವ ಅರಸನನ್ನು 'ಕುನಿಂಗಸ್' ಎಂದು ಕರೆಯುತ್ತಾರೆ. ಚದುರಂಗದ ರಾಜನೂ ಇಸ್ಪೀಟಿನ ರಾಜನೂ ಅವರಿಗೆ ಕುನಿಂಗಸನೇ. ಉಚ್ಚಾರಣೆಯಲ್ಲಿ ಇಲ್ಲಿ ಗಕಾರ ಕೇಳಿಸದು. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ ಕೆಲಸವಿಲ್ಲದೆ ಕುಳಿತಿರುವ ಙಕಾರವೇ ಅಲ್ಲಿ ದ್ವಿತ್ವವಾಗಿ ಮೊಳಗುತ್ತದೆ. ಈ ಒಂದು ಪದದ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಪದ ಫಿನ್ನಿಶ್ ಭಾಷೆಯ ಸ್ವಂತ ಸೊತ್ತಲ್ಲ. ಫಿನ್ನಿಶ್, ಎಸ್ತೋನಿಯನ್ ಮೊದಲಾದುವು ಯುರಾಲಿಕ್ ಕುಲದ ಭಾಷೆಗಳು. ನೆರೆಯ ಸ್ವೀಡಿಷ್, ಡೇನಿಷ್, ಐಸ್ಲೆಂಡಿಕ್‌ಗಳಾದರೋ ಜರ್ಮಾನಿಕ್ ಶಾಖೆಯವು. ಕನ್ನಡಕ್ಕೂ ಸಂಸ್ಕೃತಕ್ಕೂ ಹೇಗೆ ಹುಟ್ಟಿನ ಸಂಬಂಧವಿಲ್ಲದೆ ಕೊಳುಕೊಡೆಯ ಸಂಬಂಧ ಮಾತ್ರ ಉಂಟೋ ಹಾಗೆಯೇ ಇವುಗಳ ನಂಟು. ಕ್ರಿಸ್ತಶಕದ ಆದಿಭಾಗದ ಸುಮಾರಿಗೆ ಬಾಲ್ಟಿಕ್ ಸಮುದ್ರದ ಸುತ್ತಣ ಜರ್ಮಾನಿಕ್ ಜನರಿಂದ ಫಿನ್ನಿಕ್ ಜನರು ಅನೇಕ ಶಬ್ದಗಳನ್ನು ಪಡೆದುಕೊಂಡರು. ಅವುಗಳಲ್ಲಿ ಅರಸನ ಹೆಸರೂ ಒಂದು.

ಕೊಟ್ಟವರ ಮನೆಯಲ್ಲಿ ಆ ಪದದ ಗತಿ ಏನಾಯಿತು? ಹಳೆಯ ನಾರ್ಸ್ ಭಾಷೆಯಲ್ಲಿ ಅದು 'ಕೊನುಂಗ್ರ್'. ಇಂದಿನ ಐಸ್ಲೆಂಡಿಕ್‌ನಲ್ಲಿ 'ಕೊನುಂಗುರ್', ಡೇನಿಷಿನಲ್ಲಿ 'ಕೊಂಗೆ', ಸ್ವೀಡಿಷಿನಲ್ಲಿ 'ಕೊನುಂಗ್' ಸವೆದು ಬರಿಯ 'ಕುಂಗ್'. ಇಂಗ್ಲಿಷಿನ 'ಕಿಂಗ್' ಕೂಡ ಇದೇ ಬಳಗದ್ದು. ಇವೆಲ್ಲವನ್ನೂ ತೂಗಿನೋಡಿ ವಿದ್ವಾಂಸರು ಮೂಲರೂಪವನ್ನು 'ಕುನಿಂಗಜ್' ಎಂದು ನಿರ್ಣಯಿಸಿದ್ದಾರೆ. ಇದನ್ನು ಯಾವ ಬರಹದಲ್ಲಿಯೂ ಕಂಡವರಿಲ್ಲ. ಇದು ಊಹೆಯಿಂದ ಕಟ್ಟಿದ ರೂಪ. ಆದರೆ ಫಿನ್ನಿಶ್ ಹಾಗೂ ಎಸ್ತೋನಿಯನ್ ಮಾತಾಡುವವರ ನಾಲಗೆಯ ಮೇಲೆ ಅದು ಇಂದಿಗೂ ಹೆಚ್ಚುಕಡಮೆ ಇಡಿಯಾಗಿ ಇದೆಯಲ್ಲ! ಉತ್ತರದ ಸಾಮಿ ಜನರೂ ಅರಸನನ್ನು 'ಗೊನಗಸ್' ಎನ್ನುತ್ತಾರೆ. ಹೆತ್ತ ಮನೆಯಲ್ಲಿ ಸವೆದುಹೋದದ್ದು ನೆರೆಮನೆಯಲ್ಲಿ ಮುಕ್ಕಾಗದೆ ಉಳಿಯಿತು. ಇಂತಹ ಶಬ್ದಗಳನ್ನು ಕಲೆಹಾಕಿ, ಅವುಗಳ ಬೆಲೆಯನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ವಿಲ್ಹೆಲ್ಮ್ ತಾಮ್ಸನ್. ಅವನ ಪ್ರಬಂಧ 1869ರದು.

ಕೊನೆಯ ಆ 'ಅಸ್' ಎಂಬ ಪ್ರತ್ಯಯವನ್ನು ಸಂಸ್ಕೃತ ಬಲ್ಲವರು ಸುಲಭವಾಗಿ ಗುರುತಿಸಿಯಾರು. 'ರಾಮಃ' ಎಂಬಲ್ಲಿನ ವಿಸರ್ಗದ ಒಡಹುಟ್ಟು ಅದು. ಡೆನ್ಮಾರ್ಕಿನ ಗಾಲೆಹುಸ್ ಎಂಬಲ್ಲಿ 1734ರಲ್ಲಿ ದೊರೆತ ಚಿನ್ನದ ಕೊಂಬಿನ ಮೇಲೆ, ಸುಮಾರು ಐದನೆಯ ಶತಮಾನದ ರೂನ್ ಲಿಪಿಯಲ್ಲಿ, ಇಂತಹ ಪ್ರತ್ಯಯಾಂತ ಪದವನ್ನು ಕೆತ್ತಲಾಗಿತ್ತು. ಕೊಂಬನ್ನು 1802ರಲ್ಲಿ ಕಳ್ಳನೊಬ್ಬ ಕದ್ದು ಕರಗಿಸಿಬಿಟ್ಟ; ಇಂದು ಉಳಿದಿರುವುದು ಮೊದಲೇ ತೆಗೆದಿಟ್ಟ ಚಿತ್ರಗಳು.

ಇನ್ನು ಅರ್ಥದ ಮಾತು. 'ಕುನಿಂಗಜ್' ಎಂಬುದರ ಮೊದಲ ಭಾಗ ಕುಲ, ವಂಶ ಎಂಬ ಅರ್ಥದ ಶಬ್ದ. 'ಇಂಗ' ಎಂಬುದು 'ಅದಕ್ಕೆ ಸೇರಿದವನು' ಎಂದು ಹೇಳುವ ಪ್ರತ್ಯಯ. ಅಂದರೆ ಅರಸನೆಂದರೆ ಕುಲದವನು, ಸತ್ಕುಲಪ್ರಸೂತ ಎಂಬುದು ಬಹುಮಂದಿಯ ಮತ. ಆಳುವಿಕೆಯಾಗಲಿ, ಕಿರೀಟವಾಗಲಿ, ನೆಲದ ಒಡೆತನವಾಗಲಿ ಈ ಪದದೊಳಗೆ ಇಲ್ಲ. ಹಳೆಯ ನಾರ್ಸ್ ಕಥೆಗಳಲ್ಲಿ ಅಂಗೈಯಗಲ ನೆಲವೂ ಇಲ್ಲದ, ಹಡಗುಗಳನ್ನಷ್ಟೇ ನಂಬಿದ 'ಕಡಲರಸ'ರು ಬರುವುದುಂಟು, ಅವರೂ ಕೊನುಂಗರೇ. ಸಂಸ್ಕೃತದ ಜಕಾರವಿರುವ ಕಡೆ ಜರ್ಮಾನಿಕ್ ಭಾಷೆಗಳಲ್ಲಿ ಅನೇಕ ವೇಳೆ ಕಕಾರ ಬರುತ್ತದೆ: ನಮ್ಮ ಜಾನು ಸ್ವೀಡಿಷಿನಲ್ಲಿ 'ಕ್ನೆ'. ಅದೇ ನ್ಯಾಯದಿಂದ ಆ ಕುಲವಾಚಕದ ಧಾತು ನಮಗೆ 'ಜನ', 'ಜನಕ', 'ಜನ್ಮ'ಗಳಲ್ಲಿ ಸಿಕ್ಕುತ್ತದೆ. ಅರಸನ ಆ ಹೆಸರಿಗೂ ನಾವು ಸಂಸ್ಕೃತದಿಂದ ಪಡೆದು ದಿನವೂ ಆಡುವ 'ಜನ' ಎಂಬ ಮಾತಿಗೂ ಬೇರು ಒಂದೇ.

ರಾಣಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಫಿನ್ನಿಶಿನಲ್ಲಿ ಆಕೆ 'ಕುನಿಂಗತರ್'. ಕೊನೆಯ 'ತರ್' ಎಂಬುದು ಮಗಳು ಎಂಬ ಅರ್ಥದ 'ತ್ಯುತ್ಯಾರ್' ಶಬ್ದದಿಂದ ಬಂದ ಸ್ತ್ರೀಪ್ರತ್ಯಯ. ಆ ಮಗಳಾದರೂ ಫಿನ್ನಿಶಿನವಳೇ? ಅಲ್ಲ. ಲಿಥುವೇನಿಯನ್ ಮೊದಲಾದ ಬಾಲ್ಟಿಕ್ ನುಡಿಗಳ ಪೂರ್ವಜರಿಂದ ಬಂದವಳು. ಸಂಸ್ಕೃತದ 'ದುಹಿತೃ'ವಿಗೆ ಸೋದರಿ. ರಾಣಿಯ ಹೆಸರಿನಲ್ಲಿ ತಲೆ ಒಬ್ಬರದು, ಬಾಲ ಇನ್ನೊಬ್ಬರದು, ಕೂಡಿಸಿ ಹೊಲಿದ ಕೈ ಮಾತ್ರ ಫಿನ್ನರದು. ಹೀಗೆ ತಂದು ತನ್ನದಾಗಿಸಿಕೊಂಡುದನ್ನು ಎರವಲು ಎಂದು ಹೀಯಾಳಿಸುವುದು ನನಗೆ ಒಪ್ಪಿಗೆಯಿಲ್ಲ.

ಪದವನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡ ಜನಕ್ಕೆ ಸ್ವಂತ ಅರಸನ ಯೋಗ ಕೂಡಿಬರಲಿಲ್ಲವೆಂಬುದೂ ವಿಚಿತ್ರವೇ. 1809ರವರೆಗೆ ಅವರನ್ನು ಆಳಿದವನು ಸ್ವೀಡನ್ನಿನ ಅರಸ, ಆಮೇಲೆ ರಷ್ಯದ ಚಕ್ರವರ್ತಿ. 1917ರ ಡಿಸೆಂಬರಿನಲ್ಲಿ ದೇಶ ಸ್ವತಂತ್ರವಾಯಿತು. ಮರುವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಜರ್ಮನ್ ಚಕ್ರವರ್ತಿಯ ಭಾವನಾದ ಹೆಸ್ಸೆಯ ರಾಜಕುಮಾರ ಫ್ರೆಡರಿಕ್ ಕಾರ್ಲನನ್ನು ಅರಸನಾಗಿ ಆರಿಸಿತು. ನವೆಂಬರಿನಲ್ಲಿ ಜರ್ಮನಿ ಯುದ್ಧದಲ್ಲಿ ಸೋತಿತು. ಡಿಸೆಂಬರಿನಲ್ಲಿ ಅವನು ಸಿಂಹಾಸನ ತನಗೆ ಬೇಡವೆಂದು ತಿಳಿಸಿದ. ಒಮ್ಮೆಯೂ ತನ್ನ ರಾಜ್ಯದಲ್ಲಿ ಕಾಲಿಡದೆ ಅವನ ಅರಸುತನ ಮುಗಿಯಿತು. 1919ರಲ್ಲಿ ಫಿನ್ಲೆಂಡ್ ಗಣರಾಜ್ಯವಾಯಿತು. ಕುನಿಂಗಸ್ ಮತ್ತೆ ಕಥೆಗೂ ಚದುರಂಗಕ್ಕೂ ಮರಳಿದ.